ಚಿತ್ರ ಬಿಡಿಸಲು ಬಾರದ ಹೆತ್ತವರು ಮಗುವಿಗೆ ಚಿತ್ರಕಲೆ ಕಲಿಸಬಹುದೇ?

ಪ್ರಶ್ನೆ: ನಮ್ಮದು ಉಡುಪಿ ಸಮೀಪದ ಕಥೋಲಿಕ ಕುಟುಂಬ. ಏಳು ವರ್ಷದ ಮಗಳಿಗೆ ಮನೆಯಲ್ಲಿಯೇ ಚಿತ್ರಕಲೆ ಕಲಿಸುವ ಆಸೆಯಿದೆ; ಆದರೆ ನಮ್ಮಿಬ್ಬರಿಗೂ ಚಿತ್ರ ಬಿಡಿಸಲು ಬಾರದು. ಯೇಸುಸ್ವಾಮಿಯ, ಸಂತರ ಚಿತ್ರಗಳಿಗೆ ಬಣ್ಣ ತುಂಬಿಸುವ ಪುಸ್ತಕದಿಂದ ಆರಂಭಿಸಿದರೆ ಸಾಕೇ?

ಉತ್ತರ: ಬಣ್ಣ ತುಂಬಿಸುವುದರಿಂದ ಕೇಡೇನೂ ಇಲ್ಲ, ಬೆರಳು ಪಳಗುತ್ತದೆ. ಆದರೆ ಆ ಪುಸ್ತಕದಲ್ಲಿ ಗೆರೆ ಎಲ್ಲಿ ಬಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಬೇರೊಬ್ಬರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಗೆರೆ ದಾಟದಂತೆ ಬಳಿಯುವ ಕೆಲಸವಷ್ಟೇ ಮಗುವಿನ ಪಾಲಿಗೆ ಉಳಿಯುತ್ತದೆ. ಚಿತ್ರಕಲೆಯ ಮೊದಲ ಪಾಠ ನೋಡುವುದು. ಮಗುವಿಗೆ ನೋಡಲು ಹಚ್ಚುವುದಕ್ಕೆ ನೀವು ಚಿತ್ರಕಾರರಾಗಿರಬೇಕಿಲ್ಲ.

ಅದಕ್ಕೆ ಬೇಕಾದ ಏರ್ಪಾಡು ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ವರ್ಷಕ್ಕೊಮ್ಮೆ ತಾನಾಗಿಯೇ ಒದಗಿಬರುತ್ತದೆ. ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಮುಂಚಿನ ಒಂಬತ್ತು ದಿನ, ಎಂದರೆ ಆಗಸ್ಟ್ 30ರಿಂದ, ಮಕ್ಕಳು ಬುಟ್ಟಿಯಲ್ಲೋ ತಟ್ಟೆಯಲ್ಲೋ ಹೂವು ತುಂಬಿಕೊಂಡು ಇಗರ್ಜಿಗೆ ಹೋಗಿ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಮನೆಯಿಂದ ಹೊರಡುವುದಕ್ಕೆ ಮೊದಲು ಆ ಹೂವುಗಳಲ್ಲಿ ಒಂದನ್ನು ಹದಿನೈದು ನಿಮಿಷ ಮೇಜಿನ ಮೇಲಿಟ್ಟು ಅದರ ಚಿತ್ರ ಬರೆಯಲು ಹೇಳಿ. ನಮ್ಮ ಮನೆಯಲ್ಲಿ ಮೊದಲ ದಿನ ಮಗ ದಾಸವಾಳವನ್ನು ಒಮ್ಮೆಯೂ ಕಣ್ಣೆತ್ತಿ ನೋಡದೆ ಬರೆದು ಮುಗಿಸಿದ: ನಡುವೆ ಒಂದು ಸೊನ್ನೆ, ಸುತ್ತ ಐದು ಅರ್ಧಚಂದ್ರ, ಕೆಳಗೊಂದು ಕಡ್ಡಿ. ತಪ್ಪೆನ್ನದೆ, ‘ನಡುವಿನಿಂದ ಹೊರಗೆ ಚಾಚಿಕೊಂಡಿರುವುದು ಏನು ಮಗಾ?’ ಎಂದಷ್ಟೇ ಕೇಳಿದೆ. ಆಗ ಹೂವನ್ನು ಕೈಗೆತ್ತಿಕೊಂಡ. ಎಸಳುಗಳನ್ನು ಮೀರಿ ನಿಂತ ದಂಡು, ಅದರ ಮೈಗೆ ಹತ್ತಿದ ಹಳದಿ ಪುಡಿ, ತುದಿಯಲ್ಲಿ ಐದು ಕೆಂಪು ಚುಕ್ಕೆ, ಒಂದರ ಅಂಚನ್ನು ಇನ್ನೊಂದು ಮುಚ್ಚಿಕೊಂಡ ಎಸಳುಗಳು ಒಂದೊಂದಾಗಿ ಅವನ ಕಣ್ಣಿಗೆ ಬಿದ್ದವು. ಎರಡನೆಯ ಚಿತ್ರ ಅಂದವಾಗೇನೂ ಬರಲಿಲ್ಲ. ಆದರೆ ಅದನ್ನು ಕಂಡ ಅಜ್ಜಿ ಯಾರೂ ಹೇಳದೆಯೇ ದಾಸವಾಳ ಎಂದರು.

ಈ ಅಭ್ಯಾಸದಲ್ಲಿ ರಬ್ಬರ್ ಕೊಡಬೇಡಿ. ಏಳೆಂಟು ವರ್ಷದ ಮಕ್ಕಳು ಕೈಗೆ ರಬ್ಬರ್ ಸಿಕ್ಕಿದರೆ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಅಳಿಸುತ್ತಾರೆ. ಮಳೆಗಾಲ ಇನ್ನೂ ಮುಗಿದಿರದ ಆ ದಿನಗಳಲ್ಲಿ ನಮ್ಮ ಗಾಳಿಯ ತೇವಕ್ಕೆ ಕಾಗದ ಮೆತ್ತಗಾಗಿ ಜಲವರ್ಣ ಬೇಗ ಒಣಗುವುದಿಲ್ಲವಾದ್ದರಿಂದ ಪೆನ್ಸಿಲ್ ಮತ್ತು ಕ್ರೇಯಾನ್ ಸಾಕು. ಜಲವರ್ಣವನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ. ಆಗಲೂ ತೆಳು ಡ್ರಾಯಿಂಗ್ ಶೀಟು ನೀರು ಬಿದ್ದೊಡನೆ ಸುಕ್ಕಾಗುವುದರಿಂದ 300 ಜಿಎಸ್ಎಂನ, ಎಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದದ ನಾಲ್ಕು ಹಾಳೆ ಕೊಳ್ಳುವುದು ಲೇಸು.

ಡಿಸೆಂಬರಿನ ರಜೆಯಲ್ಲಿ ಒಮ್ಮೆ ಮಂಗಳೂರಿನ ಬಾವುಟಗುಡ್ಡದ ಸಂತ ಅಲೋಶಿಯಸ್ ಚಾಪೆಲ್‌ಗೆ ಮಗಳನ್ನು ಕರೆದುಕೊಂಡು ಹೋಗಿ. ಇಟಲಿಯ ಬೆರ್ಗಾಮೊ ಬಳಿಯ ಸ್ಟೆಝಾನೊದಲ್ಲಿ 1854ರಲ್ಲಿ ಹುಟ್ಟಿದ ಜೆಸ್ವಿಟ್ ಎಂಬ ಕಥೋಲಿಕ ಸಂನ್ಯಾಸಿ ಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿ ಅಲ್ಲಿನ ಗೋಡೆಗಳಲ್ಲಿ ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಫ್ರೆಸ್ಕೊ ವಿಧಾನವನ್ನೂ ಮೇಲ್ಛಾವಣಿಗೆ ಕ್ಯಾನ್ವಾಸಿನ ಮೇಲಿನ ತೈಲವರ್ಣವನ್ನೂ ಬಳಸಿದರು. ಹಸಿ ಸುಣ್ಣದ ಗಾರೆ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ; ಆದ್ದರಿಂದ ಆ ದಿನ ಬರೆದು ಮುಗಿಸಬಹುದಾದಷ್ಟೇ ಜಾಗಕ್ಕೆ ಗಾರೆ ಮೆತ್ತಬೇಕು, ಒಣಗಿದ ಮೇಲೆ ತಿದ್ದುವುದು ಕಷ್ಟ. ಇಡೀ ಚಾಪೆಲ್ ತೋರಿಸಿ ಮಗುವನ್ನು ದಣಿಸದೆ, ಅವಳೇ ಆರಿಸಿದ ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ಕುಳಿತು, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಯಾರ ಕೈ ಯಾರತ್ತ ಚಾಚಿದೆ ಎಂದು ಕೇಳಿ. ಮನೆಗೆ ಬಂದ ಮೇಲೆ ಒಂದು ಹಾಳೆಯನ್ನು ಒದ್ದೆ ಮಾಡಿ, ಇನ್ನೊಂದನ್ನು ಒಣಗಿದ್ದಂತೆಯೇ ಬಿಟ್ಟು, ಎರಡರ ಮೇಲೂ ಒಂದೇ ನೀಲಿಯ ಗೆರೆ ಎಳೆಯಲು ಹೇಳಿದರೆ ಒದ್ದೆಯ ಮೇಲೆ ಬಣ್ಣ ಹೇಗೆ ಬೇರೆಯಾಗಿ ನಡೆದುಕೊಳ್ಳುತ್ತದೆಂದು ಅವಳಿಗೇ ತಿಳಿಯುತ್ತದೆ.

ಯೇಸು ಹುಟ್ಟಿದ ಗೋದಲಿಯ ಚಿತ್ರ ಬರೆಯುವಾಗ ಮಗಳು ಬೆತ್ಲೆಹೇಮಿನಲ್ಲಿ ತೆಂಗಿನ ಮರ ನೆಟ್ಟು, ಮರಿಯಮ್ಮನಿಗೆ ಸೀರೆ ಉಡಿಸಿದರೆ ತಿದ್ದಬೇಡಿ. ವೇಳಾಂಕಣಿ ಮಾತೆ ಉಟ್ಟಿರುವುದೂ ಸೀರೆಯೇ. ಯೇಸುವಿನ ಚಿತ್ರ ಬರೆಯುವುದೇ ಸರಿಯಲ್ಲವೆಂಬ ಅಳುಕು ಕೆಲವು ಪ್ರೊಟೆಸ್ಟೆಂಟ್ ಮನೆಗಳಲ್ಲಿದೆ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿರುವ, ವಿಗ್ರಹ ಮಾಡಿಕೊಳ್ಳಬಾರದೆಂಬ ನಿಷೇಧದ ಜೊತೆಗೆ, ಕುಶಲಕರ್ಮಿ ಬೆಚಲೇಲನಿಗೆ ಕುಶಲ ಕೆಲಸದ ಜಾಣ್ಮೆಯನ್ನು ದೇವರೇ ಕೊಟ್ಟನೆನ್ನುವ 31ನೆಯ ಅಧ್ಯಾಯವನ್ನೂ ಓದಬೇಕೆಂಬುದು ನನ್ನ ಅಭಿಪ್ರಾಯ. ಅಳುಕು ಉಳಿದರೂ ಯೇಸು ಹೇಳಿದ ಸಾಮತಿಗಳಲ್ಲಿ ಬರುವ ಬಿತ್ತುವವನ ಹೊಲ, ಮೀನುಗಾರರ ಬಲೆ, ಸಾಸಿವೆ ಗಿಡ ಇವೆಲ್ಲ ಬರೆಯಲು ಇದ್ದೇ ಇವೆ.

ಮೊಂತಿ ಫೆಸ್ತ್‌ನ ಹಾಳೆಗಳ ಹಿಂಬದಿಯಲ್ಲಿ ದಿನಾಂಕ ಬರೆದಿಟ್ಟು, ಒಂಬತ್ತನೆಯ ದಿನ ಮೊದಲ ದಿನ ಬರೆದ ಹೂವಿನ ಜಾತಿಯದೇ ಹೊಸ ಹೂವೊಂದನ್ನು ಬರೆಯಲು ಅವಳ ಮುಂದಿಡಿ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಏನು ಬದಲಾಗಿದೆಯೆಂದು ನೀವು ಹೇಳಬೇಡಿ, ಅವಳೇ ಹೇಳಲಿ.