ಟ್ಯಾಂಕರ್ ಬಂದರೆ ಜಿಡಿಪಿಗೆ ಖುಷಿಯೇ?

2024ರ ಬೇಸಿಗೆಯಲ್ಲಿ ನಮ್ಮ ಬಿಲ್ಡಿಂಗ್‌ನ ಬೋರ್‌ವೆಲ್ ಬತ್ತಿತು. ಬೆಳಿಗ್ಗೆ ಆರಕ್ಕೆಲ್ಲ ಟ್ಯಾಂಕರ್ ಬರುತ್ತಿತ್ತು. ದಪ್ಪ ಪೈಪು ಸಂಪಿಗೆ ಇಳಿಯುವ ಹೊತ್ತಿಗೆ ಅರ್ಧ ಬೀದಿ ಎದ್ದಿರುತ್ತಿತ್ತು. ತಿಂಗಳ ಕೊನೆಗೆ ಮೇಂಟೆನೆನ್ಸ್ ಜಾಸ್ತಿ, ಸ್ನಾನಕ್ಕೆ ಒಂದೇ ಬಕೆಟ್.

ಇದನ್ನು ಜಿಡಿಪಿ, ಅಂದರೆ ದೇಶದಲ್ಲಿ ಒಂದು ವರ್ಷ ತಯಾರಾದ ಸರಕು-ಸೇವೆಗಳ ಒಟ್ಟು ಮೌಲ್ಯದ ಲೆಕ್ಕದಲ್ಲಿ ನೋಡಿ. ಬೋರ್‌ವೆಲ್ ನೀರಿಗೆ ನಾವು ಕೊಡುತ್ತಿದ್ದದ್ದು ಬರೀ ಕರೆಂಟ್ ಬಿಲ್. ಟ್ಯಾಂಕರ್‌ಗೆ ಸಾವಿರಗಟ್ಟಲೆ ಸುರಿದೆವು. ಸುರಿದದ್ದೆಲ್ಲ ಜನರ ಖರ್ಚು ಅಂತ ಲೆಕ್ಕಕ್ಕೆ ಬಿತ್ತು. ಆ ದುಡ್ಡಿಗಾಗಿ ಹೋಟೆಲ್, ಸಿನಿಮಾ ಬಿಟ್ಟಿದ್ದರೆ ಒಟ್ಟು ಮೊತ್ತ ಬದಲಾಗದೇ ಇರಬಹುದು. ಪರೀಕ್ಷೆಯಲ್ಲಿ "ಜಿಡಿಪಿ ಖಂಡಿತ ಏರುತ್ತದೆ" ಅಂತ ಸುಮ್ನೆ ಬರೆದರೆ ಮಾರ್ಕ್ಸ್ ಹೋಗುತ್ತದೆ. ಇಲ್ಲಿ ಹಿಡಿಯಬೇಕಾದದ್ದು ಬೇರೆ: ಈ ಖರ್ಚು ಸುಖಕ್ಕಲ್ಲ, ಬಂದ ಕಷ್ಟ ತಳ್ಳೋಕೆ. ಇದಕ್ಕೆ ಡಿಫೆನ್ಸಿವ್ ಎಕ್ಸ್‌ಪೆಂಡಿಚರ್ ಅನ್ನುತ್ತಾರೆ. ಕನ್ನಡದಲ್ಲಿ "ರಕ್ಷಣಾ ವೆಚ್ಚ" ಅಂತ ಬರೆಯಬೇಡಿ. ಓದಿದವರು ಸೈನ್ಯದ ಖರ್ಚು ಅಂದುಕೊಳ್ಳುತ್ತಾರೆ!

ಈ ಲೆಕ್ಕದಲ್ಲಿ ಇನ್ನೊಂದು ತೂತು ಇದೆ. ಒಟ್ಟು ಉತ್ಪನ್ನದಲ್ಲಿ ಯಂತ್ರ, ಕಟ್ಟಡಗಳ ಸವಕಳಿ ಕಳೆದರೆ ನಿವ್ವಳ ಉತ್ಪನ್ನ. ಹಾಗಾಗಿ ಟ್ಯಾಂಕರ್ ಲಾರಿ ಸವೆದದ್ದನ್ನು ಕಳೆಯುತ್ತೇವೆ. ನೆಲದೊಳಗೆ ಕೆಳಗಿಳಿದ ನೀರನ್ನು? ನಾವು ಓದುತ್ತಾ ಬಂದಿರುವ ಮಾಮೂಲಿ ಲೆಕ್ಕದಲ್ಲಿ ಅದಿಲ್ಲ. ಸುಸ್ಥಿರತೆಯ ಪಾಠ ಶುರುವಾಗುವುದೇ ಇಲ್ಲಿಂದ: ಬಡ್ಡಿ ತಿನ್ನುತ್ತಿದ್ದೇವೋ, ಅಸಲನ್ನೇ ತಿನ್ನುತ್ತಿದ್ದೇವೋ?

ಅಮೆರಿಕಕ್ಕೆ ರಾಷ್ಟ್ರೀಯ ಆದಾಯದ ಲೆಕ್ಕ ಹಾಕಿಕೊಟ್ಟ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಎಚ್ಚರಿಸಿದ್ದರು, ಈ ಅಂಕಿಯಿಂದ ದೇಶದ ಯೋಗಕ್ಷೇಮ ತಿಳಿಯುವುದು ಕಷ್ಟ ಅಂತ. ನಮ್ಮಲ್ಲಿ 1931-32ರ ರಾಷ್ಟ್ರೀಯ ಆದಾಯ ಅಂದಾಜು ಮಾಡಿದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಅದೇ ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆಯ ಹೆಸರು ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. ಹೆಸರಲ್ಲಿ "ಸಾಮಾಜಿಕ" ಮೊದಲು ಬರುತ್ತದೆ, ಗಮನಿಸಿ.

ಸಂಬಳವಿಲ್ಲದ ಮನೆಗೆಲಸವೂ ಜಿಡಿಪಿಯಿಂದ ಹೊರಗೆ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಈ ಕೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಟ್ಟಿದ್ದರು. ಇದು ಆ ಕೆಲಸಕ್ಕೆ ಕೈ ಹಾಕಿದವರ ಸರಾಸರಿ ಮಾತ್ರ. ಒಂದು ಲೋಟವನ್ನೂ ತೊಳೆಯದ ಮಹಾಶಯರು ಆ 97ರಲ್ಲಿ ಇಲ್ಲವೇ ಇಲ್ಲ!

ಹಾಗಾದರೆ ಬದುಕು ಹೇಗಿದೆ ಅಂತ ಜನರನ್ನೇ ಕೇಳಿದರೆ? ಅದಕ್ಕೆ ಕ್ಯಾಂಟ್ರಿಲ್ ಏಣಿ ಇದೆ. ತಳದಲ್ಲಿ 0, ಅಂದರೆ ನಿಮಗೆ ಬರಬಹುದಾದ ಅತಿ ಕೆಟ್ಟ ಬದುಕು. ತುದಿಯಲ್ಲಿ 10, ಅಂದರೆ ಅತಿ ಒಳ್ಳೆಯ ಬದುಕು. ನೀವು ಯಾವ ಮೆಟ್ಟಿಲಲ್ಲಿದ್ದೀರಿ? ನಮ್ಮ ಓನರ್ ಆಂಟಿಗೆ ಕೇಳಿದೆ. "ನೀರು ಬಂದ ದಿನ ಕೇಳಿದ್ರೆ ಏಳು ಅಂತೀನಿ ಕಣಮ್ಮ. ಬರದೇ ಇರೋ ದಿನ ಬಂದು ಕೇಳು, ನೋಡೋಣ" ಅಂದರು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಬೇರೆ ಮಾಡಿ ತೋರಿಸಿದ್ದೂ ಇದನ್ನೇ: ಇವತ್ತಿನ ಮನಸ್ಸು ಒಂದು, ಇಡೀ ಬದುಕಿನ ಬಗ್ಗೆ ತೀರ್ಪು ಇನ್ನೊಂದು. ಏಣಿ ಕೇಳುವುದು ಎರಡನೆಯದನ್ನು. ಆಂಟಿ ಉತ್ತರದಲ್ಲಿ ಮೊದಲನೆಯದೂ ನುಗ್ಗಿಬಿಟ್ಟಿತ್ತು.

ಕೊನೆಯದಾಗಿ ಸಾಮಾಜಿಕ ಪರಿಣಾಮ, ಅಂದರೆ ಒಂದು ಯೋಜನೆಯಿಂದಲೇ ಜನರ ಬದುಕಲ್ಲಿ ಆದ ಬದಲಾವಣೆ. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಎಷ್ಟು ಶೂನ್ಯ ಟಿಕೆಟ್ ಹರಿದರು ಅನ್ನುವುದು ಪರಿಣಾಮ ಅಲ್ಲ, ಬರೀ ಬಳಕೆಯ ಲೆಕ್ಕ. ಯೋಜನೆ ಇಲ್ಲದಿದ್ದರೆ ಅವರಲ್ಲಿ ಎಷ್ಟು ಜನ ದುಡ್ಡು ಕೊಟ್ಟಾದರೂ ಹೋಗುತ್ತಿದ್ದರು, ಎಷ್ಟು ಜನ ನಡೆಯುತ್ತಿದ್ದರು, ಎಷ್ಟು ಜನ ದೂರದ ಕೆಲಸವೇ ಬೇಡ ಅನ್ನುತ್ತಿದ್ದರು? ಈ ಮೂರನ್ನು ಬಿಡಿಸಿ ನೋಡದೆ "ಪರಿಣಾಮ" ಅಂತ ಬರೆದಿದ್ದರೆ, ನಿಮ್ಮ ಉತ್ತರದಲ್ಲಿ ಆ ಪದ ಹೊಡೆದುಹಾಕಿ.