ಹಾಲಿನ ಡೈರಿ, ಮನಸ್ಸಿನ ಡೈರಿ

2023ರ ಜುಲೈ ನಮ್ಮ ಕಡೆಯವರಿಗೆ ಮರೆಯೋದಿಲ್ಲ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಒಂದು ಬಾಕ್ಸ್ ಟೊಮೆಟೊ ಎರಡು ಸಾವಿರ ರೂಪಾಯಿ ದಾಟಿತ್ತು. ಎಲ್ಲಿ ಹೋದರೂ ಟೊಮೆಟೊದಲ್ಲಿ ದುಡ್ಡು ಮಾಡಿದವರದೇ ಮಾತು. ಆ ದಿನಗಳಲ್ಲೇ ಒಬ್ಬ ರೈತರು ನನ್ನ ಹತ್ತಿರ ಬಂದು ನಿದ್ದೆ ಬರ್ತಿಲ್ಲ ಅಂದರು. (ಗುರುತು ಸಿಗಬಾರದು ಅಂತ ಇಬ್ಬರು ಮೂವರ ಕಥೆಯನ್ನು ಒಂದೇ ಮಾಡಿ ಹೇಳುತ್ತಿದ್ದೇನೆ.) ಬೇಸಿಗೆಯಲ್ಲಿ ರೇಟು ಬಿದ್ದಿತ್ತು. ಎಲೆ ಮುದುರು ರೋಗ ಬೇರೆ. ಬಿಡಿಸೋ ಕೂಲಿಯೂ ಹುಟ್ಟಲ್ಲ ಅಂತ ಅವರು ಗಿಡ ಕಿತ್ತು ಹಾಕಿದ್ದರು. ಈಗ ರಾತ್ರಿ ಹನ್ನೊಂದಕ್ಕೆ ಮಲಗಿದರೆ ಎರಡು ಗಂಟೆವರೆಗೂ ತಲೆಯಲ್ಲಿ ಒಂದೇ ಪ್ರಶ್ನೆ. ಯಾಕೆ ಕಿತ್ತೆ?

"ದಿನಾ ಆತ್ಮಾವಲೋಕನ ಮಾಡ್ಕೊತೀನಿ ಮೇಡಂ. ಆದ್ರೂ ಸಮಾಧಾನ ಇಲ್ಲ" ಅಂದರು.

ಮೂರು ಗಂಟೆ ಹೊರಳಾಡಿದ್ದಕ್ಕೆ ಅವರು ಅಷ್ಟು ದೊಡ್ಡ ಹೆಸರು ಇಟ್ಟಿದ್ದರು. ನಾನು ಆಪ್ತಸಮಾಲೋಚಕಿ. ನನ್ನ ಮುಂದೆ ಕೂರುವವರಲ್ಲಿ ತಮ್ಮ ಬಗ್ಗೆ ಯೋಚಿಸದವರು ಕಡಿಮೆ. ಯೋಚನೆ ನಿಲ್ಲಿಸೋಕೆ ಆಗದವರೇ ಜಾಸ್ತಿ.

ಇಂಗ್ಲಿಷಿನಲ್ಲಿ ಇದಕ್ಕೆ ರೂಮಿನೇಷನ್ ಅಂತಾರೆ. ದನ ಮೆಲುಕು ಹಾಕೋದು ಅನ್ನೋದೇ ಆ ಪದದ ಮೂಲ. ನನಗೆ ಆ ಹೋಲಿಕೆ ಅಷ್ಟು ಹಿಡಿಸಲ್ಲ. ಹಸು ಮೆಲುಕು ಹಾಕಿದರೆ ಮೇವು ಅರಗುತ್ತೆ, ಹಾಲಾಗುತ್ತೆ. ಕನ್ನಡದಲ್ಲೂ ಮೆಲುಕು ಹಾಕೋದು ಸಾಮಾನ್ಯವಾಗಿ ಒಳ್ಳೆ ನೆನಪುಗಳನ್ನೇ ಅಲ್ವಾ? ಇದಕ್ಕೆ ಸರಿಯಾದ ಮಾತು 'ತಲೆ ಕೊರೆಯೋದು'. ಸೂಸನ್ ನೋಲನ್-ಹೋಕ್ಸೆಮಾ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದರು. ಬೇಸರವಾದಾಗ ಅದನ್ನೇ ಕೊರೆಯುತ್ತಾ ಕೂತವರಿಗೆ ಖಿನ್ನತೆ ಗಟ್ಟಿಯಾಗುತ್ತೆ, ಹೆಚ್ಚು ದಿನ ಉಳಿಯುತ್ತೆ ಅಂತ ಅವರು ತೋರಿಸಿಕೊಟ್ಟರು.

ಹಾಗಾದರೆ ತನ್ನನ್ನು ತಾನು ನೋಡಿಕೊಳ್ಳೋದು ಹೇಗೆ? ಡೈರಿ ಬರೀರಿ ಅಂದರೆ ನಮ್ಮ ಜಿಲ್ಲೆಯಲ್ಲಿ ಮೊದಲು ನೆನಪಾಗೋದು ಹಾಲಿನ ಡೈರಿ. ನಾನು ಅಲ್ಲಿಂದಲೇ ಶುರು ಮಾಡ್ತೀನಿ. ಬೆಳಿಗ್ಗೆ ಸಂಜೆ ಹಾಲು ಹಾಕ್ತೀರಿ. ಲೀಟರ್ ಎಷ್ಟು, ಫ್ಯಾಟ್ ಎಷ್ಟು ಅಂತ ಬರೆದುಕೊಳ್ತಾರೆ. ಎರಡು ನಿಮಿಷದ ಕೆಲಸ. ಫ್ಯಾಟ್ ಕಡಿಮೆ ಬಂದರೆ ಯಾರೂ ಹಸುವಿನ ಮುಂದೆ ಕೂತು 'ಯಾಕೆ ಹಿಂಗೆ ಮಾಡಿದೆ' ಅಂತ ರಾತ್ರಿಯೆಲ್ಲ ಕೇಳಲ್ಲ. ಮೇವು ನೋಡ್ತಾರೆ, ಹಿಂಡಿ ನೋಡ್ತಾರೆ.

ಆ ರೈತರಿಗೆ ಹೇಳಿದ್ದು ಇಷ್ಟೇ. ರಾತ್ರಿ ಬೇಡ, ಸಂಜೆ ಹತ್ತು ನಿಮಿಷ. ಮೊಬೈಲಿನಲ್ಲಿ ಅಲಾರಂ ಇಟ್ಟು ಕೂರಿ. ಅಲಾರಂ ಹೊಡೆದರೆ ಅರ್ಧ ವಾಕ್ಯ ಆಗಿದ್ದರೂ ಎದ್ದುಬಿಡಿ. ನಡೆದದ್ದೇನು ಅಂತ ಬರೆಯಿರಿ, ಪೊಲೀಸರಿಗೆ ಹೇಳಿಕೆ ಕೊಟ್ಟ ಹಾಗೆ. ಆಗ ಏನನ್ನಿಸಿತು, ಮೈಯಲ್ಲಿ ಎಲ್ಲಿ ಅನ್ನಿಸಿತು ಅಂತ ಒಂದೆರಡು ಸಾಲು. ಆಮೇಲೆ, ಆ ದಿನ ನಿಮಗೆ ಏನು ಗೊತ್ತಿತ್ತು? ಕೊನೆಗೆ, ಮುಂದಿನ ಸಲ ಏನು ಮಾಡ್ತೀರಿ?

ಮೂರನೇ ಪ್ರಶ್ನೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಎಲ್ಲರೂ ಜಾರೋದು ಅಲ್ಲೇ. ಕಿತ್ತ ದಿನ ಅವರಿಗೆ ಗೊತ್ತಿದ್ದದ್ದು ಆವತ್ತಿನ ರೇಟು, ಮುದುರಿದ ಎಲೆ, ತೀರಿಸಬೇಕಾದ ಸಾಲ. ಜುಲೈ ರೇಟು ಗೊತ್ತಿರಲಿಲ್ಲ. ಆದರೆ ರಾತ್ರಿ ಕೂತು ಜುಲೈ ರೇಟನ್ನು ಕೈಯಲ್ಲಿ ಹಿಡಿದು ಬೇಸಿಗೆಯ ಮನುಷ್ಯನನ್ನು ಬೈಯುತ್ತಿದ್ದರು. ಫಲಿತಾಂಶ ಗೊತ್ತಾದ ಮೇಲೆ 'ಇದು ಮೊದಲೇ ಗೊತ್ತಾಗಬೇಕಿತ್ತು' ಅನ್ನಿಸೋದು ಎಲ್ಲರ ಮನಸ್ಸಿನ ಚಾಳಿ. ಬರೂಕ್ ಫಿಶಾಫ್ ಎಂಬ ಸಂಶೋಧಕ 1975ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ. ಹಾಗಂತ ತಪ್ಪೇ ಆಗಿಲ್ಲ ಅಂತಲೂ ಅಲ್ಲ. ಅವರು ಯಾರನ್ನೂ ಕೇಳಿರಲಿಲ್ಲ, ಒಂದೇ ದಿನದಲ್ಲಿ ತೀರ್ಮಾನ ಮಾಡಿದ್ದರು. ಅದು ಪುಟದ ಮೇಲೆ ಬಂತು.

ಕೊನೆಯ ಸಾಲು 'ಇನ್ನು ಮೇಲೆ ಹುಷಾರಾಗಿರ್ತೀನಿ' ಅಂತಿದ್ದರೆ ಅದನ್ನು ನಾನು ಒಪ್ಪಲ್ಲ. 'ಹೀಗಾದರೆ ಹೀಗೆ' ಅಂತಿರಬೇಕು. ಅವರು ಬರೆದದ್ದು: "ಕೀಳೋಣ ಅನ್ನಿಸಿದರೆ ಅರ್ಧ ಎಕರೆ ಉಳಿಸಿಕೊಂಡು ಕೀಳ್ತೀನಿ." ನಾಲ್ಕು ವಾರ ಕಳೆದು ಬಂದಾಗ ನಿದ್ದೆ ಹನ್ನೆರಡೂವರೆಗೆ ಬರ್ತಿದೆ ಅಂದರು. ಪೂರ್ತಿ ಸರಿಹೋಗಿರಲಿಲ್ಲ. ಆದರೂ ಒಂದೂವರೆ ಗಂಟೆ ಗಿಟ್ಟಿತ್ತು.

ನಾನೂ ಇದರಲ್ಲಿ ಎಡವಿದವಳೇ. ಹಿಂದೆ ಒಂದು ಕಡೆ ಕೆಲಸಕ್ಕಿದ್ದಾಗ ಎರಡು ವರ್ಷ ಬಿಡದೆ ಡೈರಿ ಬರೆದೆ. ಒಂದು ದಿನ ತಿರುಗಿಸಿ ಓದಿದರೆ ಮೇಲಿನವರ ಮೇಲಿನ ದೂರೇ ದೂರು. ನಾನು ಏನು ಮಾಡಿದೆ ಅನ್ನೋ ಒಂದು ಸಾಲೂ ಇಲ್ಲ. ಅಚ್ಚುಕಟ್ಟಾದ ಕೈಬರಹದಲ್ಲಿ ತಲೆ ಕೊರೆದುಕೊಂಡಿದ್ದೆ, ಅಷ್ಟೇ. ಆಗಿನಿಂದ ಭಾನುವಾರ ಹಿಂದಿನ ಏಳು ದಿನದ್ದನ್ನು ಓದ್ತೀನಿ. ಮತ್ತೆ ಮತ್ತೆ ಬರುವ ಮಾತಿಗೆ ಕೆಂಪು ಗೆರೆ ಹಾಕ್ತೀನಿ. ನನ್ನ ಪುಟಗಳಲ್ಲಿ ಕೆಂಪಾದದ್ದು 'ಆಯ್ತು ಬಿಡಿ' ಅನ್ನೋ ಮಾತು. ಯಾರು ಏನು ಹೇಳಿದರೂ ಆಯ್ತು ಬಿಡಿ ಅಂದು, ಮನೆಗೆ ಬಂದು ಉರಿದುಕೊಳ್ಳುವ ಚಟ ನನ್ನದು. ಬರೆಯೋದಕ್ಕಿಂತ ಈ ಓದಿನಿಂದ ನನಗೆ ಜಾಸ್ತಿ ಲಾಭವಾಗಿದೆ.

ಯಾವ ಭಾಷೆಯಲ್ಲಿ ಬರೀಲಿ ಅಂತ ತುಂಬಾ ಜನ ಕೇಳ್ತಾರೆ. ಇಲ್ಲಿ ಮನೆಯೊಳಗೆ ತೆಲುಗು ಆಡುವವರಿದ್ದಾರೆ, ಕೆಜಿಎಫ್ ಕಡೆ ತಮಿಳು. ನಿಮ್ಮನ್ನು ನೀವು ಬೈದುಕೊಳ್ಳೋದು ಯಾವ ಭಾಷೆಯಲ್ಲೋ ಅದರಲ್ಲೇ ಬರೆಯಿರಿ. ಬರೆಯೋಕೆ ಬಾರದಿದ್ದರೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ಓಡಾಡುವ ಹುಡುಗಿಯೊಬ್ಬಳು ಟ್ರೈನಿನಲ್ಲಿ ಸೀಟು ಸಿಕ್ಕ ದಿನ ಮಾತ್ರ ಬರೀತಾಳೆ. ವಾರಕ್ಕೆ ಎರಡು ಸಲ. ಸಾಕು. ಅವಳಿಗೆ ನಾನು ಹೇಳಿಕೊಟ್ಟದ್ದು, 'ನಾನು' ಅಂತ ಬರೆಯೋ ಬದಲು ತನ್ನ ಹೆಸರು ಹಾಕಿ 'ಅವಳು ಹೀಗೆ ಮಾಡಿದಳು' ಅಂತ ಬರೆಯೋದು. ಈಥನ್ ಕ್ರಾಸ್ ಮತ್ತು ಜೊತೆಯವರ ಪ್ರಯೋಗಗಳಲ್ಲಿ ಹೀಗೆ ಸ್ವಲ್ಪ ದೂರ ನಿಂತು ನೋಡಿದವರಿಗೆ ತಳಮಳ ಕಡಿಮೆಯಾಗಿತ್ತು. ಮೊದಲ ಸಲ ನಗು ಬರುತ್ತೆ, ಬರಲಿ.

ದೊಡ್ಡ ನೋವುಗಳ ವಿಷಯ ಬೇರೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ತಂಡ ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ನೋವಿನ ಬಗ್ಗೆ ಬರೆಸಿತು. ನಂತರದ ತಿಂಗಳುಗಳಲ್ಲಿ ಅಂಥವರು ಡಾಕ್ಟರ ಬಳಿ ಹೋದದ್ದು ಕಡಿಮೆಯಾಯಿತು. ಇದನ್ನು ಎಲ್ಲರೂ ಹೇಳ್ತಾರೆ. ಬರೆದ ಕೂಡಲೇ ಅವರ ಮನಸ್ಸು ಇನ್ನೂ ಭಾರವಾಗಿತ್ತು ಅನ್ನೋದನ್ನು ಯಾರೂ ಹೇಳಲ್ಲ. ಹೊಸ ಸಾವು, ಹಿಂಸೆ, ಅಪಘಾತ ಇಂಥವನ್ನು ಒಬ್ಬರೇ ಕೂತು ಕೆದಕಬೇಡಿ. ಬರೀತಾ ಬರೀತಾ ಬದುಕು ಬೇಡ ಅನ್ನಿಸಿದರೆ ಪೆನ್ನು ಕೆಳಗಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತೆ.

ಇನ್ನೊಂದು ತೊಂದರೆ ಪುಸ್ತಕಗಳಲ್ಲಿ ಇರಲ್ಲ, ಮನೆಗಳಲ್ಲಿ ಇರುತ್ತೆ. ತುಂಬಿದ ಮನೆಯಲ್ಲಿ ನೋಟ್‌ಬುಕ್ ಎಲ್ಲಿಡೋದು? ಯಾರಾದರೂ ಓದೇ ಓದ್ತಾರೆ. ಅದಕ್ಕೆ ಹೆದರಿ ಸುಳ್ಳು ಬರೆಯೋಕೆ ಶುರು ಮಾಡಿದವರನ್ನೂ ನೋಡಿದ್ದೀನಿ. ನನ್ನ ಹತ್ತಿರ ಬರುವ ಒಬ್ಬ ಸೊಸೆ ಗೊಬ್ಬರದಂಗಡಿಯವರು ಕೊಟ್ಟ ಹಳೇ ಡೈರಿಯಲ್ಲಿ ಬರೀತಾರೆ. ಅಲಾರಂ ಹೊಡೆದ ಮೇಲೆ ಆ ಹಾಳೆಯನ್ನು ಹರಿದು ಒಲೆಗೆ ಹಾಕಿಬಿಡ್ತಾರೆ. 'ಮುಂದಿನ ಸಲ' ಅನ್ನೋ ಸಾಲನ್ನು ಮಾತ್ರ ಎರಡೇ ಅಕ್ಷರಕ್ಕೆ ಇಳಿಸಿ ಗೋಡೆ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಪಕ್ಕ ಗುರುತು ಹಾಕ್ತಾರೆ. ಅವರ ಅತ್ತೆ ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದಾರಂತೆ.