ಪದ ಪರಿಚಯ: ಯುರೇಕಾ

ಸೇಬು ಬಿದ್ದದ್ದೇ ‘ನ್ಯೂಟನ್‌ನ ಯುರೇಕಾ ಕ್ಷಣ’, ಅಂದರೆ ಗುರುತ್ವ ಥಟ್ಟನೆ ಹೊಳೆದ ಗಳಿಗೆ, ಎನ್ನುವ ಇನ್ನೊಂದು ಬರಹ ಮೊನ್ನೆ ಕಣ್ಣಿಗೆ ಬಿತ್ತು. ನ್ಯೂಟನ್ ಗುರುತ್ವದ ಬಗ್ಗೆ ತಲೆ ಕೆಡಿಸಿಕೊಳ್ಳಲು ಶುರುಮಾಡಿದ್ದು 1660ರ ದಶಕದಲ್ಲಿ, ಅದನ್ನು ವಿವರಿಸಿದ ಅವನ ಗ್ರಂಥ ‘ಪ್ರಿನ್ಸಿಪಿಯಾ’ ಅಚ್ಚಾದದ್ದು 1687ರಲ್ಲಿ. ಇಪ್ಪತ್ತು ವರ್ಷದ ಹೆಣಗಾಟಕ್ಕೆ ‘ಕ್ಷಣ’ ಎಂದು ಹೆಸರಿಡುವವರಿಗೆ ಏನು ಹೇಳುವುದು? ಪೆನಿಸಿಲಿನ್ ಕಥೆಗೂ ಇದೇ ಗತಿ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದು ನೋಡಿದರೆ, ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಗೆ ಬೂಷ್ಟು ಹಿಡಿದಿತ್ತು, ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಇರಲಿಲ್ಲ. ಬೂಷ್ಟನ್ನು ಅವನು ಹುಡುಕುತ್ತಿರಲಿಲ್ಲ, ಅದು ಸಿಕ್ಕಿತು. ಸಿಕ್ಕಿದ್ದಕ್ಕೆಲ್ಲ, ಹೊಳೆದದ್ದಕ್ಕೆಲ್ಲ ಯುರೇಕಾ ಎಂದರೆ ಆ ಪದಕ್ಕೆ ಉಳಿಯುವುದೇನು?

ಮೂಲ ಗ್ರೀಕಿನಲ್ಲಿ ಈ ಪದ ‘ಹ’ಕಾರದಿಂದ ಶುರುವಾಗುತ್ತದೆ. ಇಂಗ್ಲಿಷಿನ ಮೂಲಕ ನಮ್ಮವರೆಗೆ ಬರುವಷ್ಟರಲ್ಲಿ ಅದು ಉದುರಿಹೋಗಿದೆ. ಅದೇ ಧಾತುವಿನಿಂದ ಬಂದ ‘ಹ್ಯೂರಿಸ್ಟಿಕ್’ (ಉತ್ತರ ಕಂಡುಕೊಳ್ಳಲು ನೆರವಾಗುವ ಅಂದಾಜಿನ ದಾರಿ) ಮಾತ್ರ ಹಕಾರವನ್ನು ಉಳಿಸಿಕೊಂಡಿದೆ. ‘ಯುರೇಕಾ’ ಬರೀ ಉದ್ಗಾರವಲ್ಲ, ಪೂರ್ತಿ ವಾಕ್ಯ. ಕರ್ತೃ ‘ನಾನು’, ಕ್ರಿಯೆ ಮುಗಿದಿದೆ, ಫಲ ಕೈಯಲ್ಲಿದೆ: ‘ಕಂಡುಕೊಂಡಿದ್ದೇನೆ’. ಕನ್ನಡದಲ್ಲಿ ‘ಹೊಳೆಯಿತು’ ಎಂದಾಗ ಕರ್ತೃ ವಿಚಾರವೇ ಹೊರತು ನಾನಲ್ಲ. ನಾನು ಸುಮ್ಮನೆ ಕೂತಿದ್ದರೂ ಅದು ಹೊಳೆಯಬಹುದು. ಕಂಡುಕೊಳ್ಳಬೇಕಾದರೆ ಮೊದಲು ಪ್ರಶ್ನೆಯೊಂದು ತಲೆಯಲ್ಲಿ ಕೊರೆಯುತ್ತಿರಬೇಕು. ಈ ಪದ ಕೂಗಿದನೆನ್ನುವ ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ತಲೆಯಲ್ಲಿ ಅದು ಕೊರೆಯುತ್ತಿತ್ತು.

ಕಥೆ ಎಲ್ಲರಿಗೂ ಗೊತ್ತಿರುವುದೇ: ಸಿಸಿಲಿಯ ಸಿರಾಕ್ಯೂಸ್ ನಗರದ ದೊರೆ ಹಿಯೆರೋ, ಅವನು ಮಾಡಿಸಿದ ಚಿನ್ನದ ಕಿರೀಟ, ಚಿನ್ನ ಕದ್ದು ಬೆಳ್ಳಿ ಬೆರೆಸಿದ ಅಕ್ಕಸಾಲಿಗ, ಕಳವು ಪತ್ತೆಮಾಡುವ ಹೊಣೆ ಹೊತ್ತ ಆರ್ಕಿಮಿಡೀಸ್, ಸ್ನಾನದ ತೊಟ್ಟಿ, ಯುರೇಕಾ ಎಂದು ಕೂಗುತ್ತ ಬೆತ್ತಲೆ ಓಟ. ಇದನ್ನು ನಮಗೆ ಹೇಳಿದವನು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್, ಅದೂ ಆರ್ಕಿಮಿಡೀಸ್ ಸತ್ತು ಸುಮಾರು ಇನ್ನೂರು ವರ್ಷಗಳ ಮೇಲೆ. ಇರಲಿ. ನನ್ನ ತಕರಾರು ಬೇರೆ. ‘ತೊಟ್ಟಿಯಲ್ಲಿ ಆರ್ಕಿಮಿಡೀಸ್ ತತ್ವ ಕಂಡುಹಿಡಿದು ಯುರೇಕಾ ಎಂದು ಕೂಗಿದ’ ಎಂದು ಮಕ್ಕಳಿಗೆ ಹೇಳಿಕೊಡುತ್ತಾರಲ್ಲ, ವಿಟ್ರೂವಿಯಸ್ ಹಾಗೆ ಹೇಳಿಯೇ ಇಲ್ಲ! ಅವನ ಪ್ರಕಾರ ಆರ್ಕಿಮಿಡೀಸ್ ಕಂಡದ್ದು ಮೈ ಮುಳುಗಿದಷ್ಟೂ ನೀರು ಹೊರಚೆಲ್ಲುವುದನ್ನು. ಅದು ಗಾತ್ರ ಅಳೆಯುವ ಉಪಾಯ. ಆರ್ಕಿಮಿಡೀಸ್ ತತ್ವ ತೂಕಕ್ಕೆ ಸಂಬಂಧಿಸಿದ್ದು: ಮುಳುಗಿದ ವಸ್ತುವಿನ ತೂಕ, ಅದು ಪಕ್ಕಕ್ಕೆ ತಳ್ಳಿದ ದ್ರವದ ತೂಕದಷ್ಟು ಕಡಿಮೆಯಾದಂತೆ ಕಾಣುತ್ತದೆ. ಅದಿರುವುದು ‘ತೇಲುವ ವಸ್ತುಗಳ ಕುರಿತು’ ಎಂಬ ಅವನ ಕೃತಿಯ ಮೊದಲ ಭಾಗದಲ್ಲಿ. ಅಲ್ಲಿ ತೊಟ್ಟಿಯೂ ಇಲ್ಲ, ಕಿರೀಟವೂ ಇಲ್ಲ.

ಎರಡರ ನಡುವಿನ ಅಂತರ ಸಣ್ಣದಲ್ಲ. ಒಂದು ಕಿಲೋ ತೂಕದ ಕಿರೀಟ ಎಂದಿಟ್ಟುಕೊಳ್ಳಿ. ಅಪ್ಪಟ ಚಿನ್ನವಾದರೆ ಗಾತ್ರ ಸುಮಾರು 52 ಘನ ಸೆಂಟಿಮೀಟರ್. 300 ಗ್ರಾಂ ಚಿನ್ನ ಕದ್ದು ಅಷ್ಟೇ ತೂಕದ ಬೆಳ್ಳಿ ಸೇರಿಸಿದ್ದರೆ ಸುಮಾರು 65. ವ್ಯತ್ಯಾಸ 13. ಕಿರೀಟ ಹಿಡಿಸುವಂಥ 20 ಸೆಂಟಿಮೀಟರ್ ಅಗಲದ ದುಂಡನೆಯ ಪಾತ್ರೆಯಲ್ಲಿ ನೀರಿನ ಮಟ್ಟ ಇದರಿಂದ ಅರ್ಧ ಮಿಲಿಮೀಟರ್ ಕೂಡ ಏರುವುದಿಲ್ಲ. ಅಂಚಿನವರೆಗೆ ತುಂಬಿದ ನೀರು ಚೆಲ್ಲದೆಯೇ ಅದಕ್ಕಿಂತ ಹೆಚ್ಚು ಉಬ್ಬಿ ನಿಲ್ಲಬಲ್ಲದು. ಇಂಥ ಅಳತೆ ನಂಬಿ ಒಬ್ಬನನ್ನು ಕಳ್ಳನೆನ್ನುವುದು ಹೇಗೆ?

ಈಗ ತಕ್ಕಡಿ ತನ್ನಿ. ಒಂದು ಕಡೆ ಕಿರೀಟ, ಇನ್ನೊಂದು ಕಡೆ ಅಷ್ಟೇ ತೂಕದ ಅಪ್ಪಟ ಚಿನ್ನದ ಗಟ್ಟಿ ತೂಗುಬಿಡಿ. ಗಾಳಿಯಲ್ಲಿ ಎರಡೂ ಸಮ. ಎರಡನ್ನೂ ನೀರಿಗೆ ಇಳಿಸಿ. ಗಟ್ಟಿ 52 ಗ್ರಾಂ ಹಗುರಾದರೆ ಕಿರೀಟ 65 ಗ್ರಾಂ ಹಗುರಾಗಿ ಮೇಲೇಳುತ್ತದೆ. 13 ಗ್ರಾಂ ವ್ಯತ್ಯಾಸವನ್ನು ಎಂಥ ತಕ್ಕಡಿಯೂ ತೋರಿಸುತ್ತದೆ. ಆರ್ಕಿಮಿಡೀಸ್ ಮಾಡಿದ್ದು ಹೀಗೆಯೇ ಇರಬೇಕು ಎಂದು ವಾದಿಸಿದವನು ಗೆಲಿಲಿಯೊ, 1586ರಲ್ಲಿ, ಇನ್ನೂ ಇಪ್ಪತ್ತೆರಡರ ಪ್ರಾಯದಲ್ಲಿ. ಚೆಲ್ಲಿದ ನೀರು ಅಳೆಯುವ ಉಪಾಯ ಅಂಥ ಮೇಧಾವಿಗೆ ತೀರ ಒರಟಾಯಿತು ಎಂಬುದು ಅವನ ಅಭಿಪ್ರಾಯ. ನನ್ನದೂ ಅದೇ.

ಆರ್ಕಿಮಿಡೀಸ್ ಸ್ವತಃ ಹೆಮ್ಮೆಪಟ್ಟದ್ದು ಕಿರೀಟಕ್ಕಲ್ಲ. ಗೋಳವೊಂದು ಸಿಲಿಂಡರಿನೊಳಗೆ ಸರಿಯಾಗಿ ಕೂತರೆ ಗೋಳದ ಗಾತ್ರ ಸಿಲಿಂಡರಿನ ಮೂರನೇ ಎರಡರಷ್ಟು, ಮೇಲ್ಮೈಯೂ ಅಷ್ಟೇ. ಇದನ್ನು ಸಾಧಿಸಿ ತೋರಿಸಿದವನು, ತನ್ನ ಸಮಾಧಿಯ ಮೇಲೆ ಅದೇ ಆಕೃತಿ ಇರಲಿ ಎಂದಿದ್ದನಂತೆ. ಕ್ರಿ.ಪೂ. 212ರ ಸುಮಾರಿಗೆ ಸಿರಾಕ್ಯೂಸ್ ರೋಮನ್ನರ ವಶವಾದಾಗ ಸೈನಿಕನೊಬ್ಬ ಅವನನ್ನು ಕೊಂದ. ಕ್ರಿ.ಪೂ. 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ರೋಮಿನ ವಾಗ್ಮಿ ಸಿಸಿರೊ, ಪೊದೆಗಳ ನಡುವೆ ಆ ಸಮಾಧಿಯನ್ನು ಗುರುತಿಸಿದ್ದು ಇದೇ ಗೋಳ-ಸಿಲಿಂಡರಿನಿಂದ. ಹುಡುಕಿಕೊಂಡೇ ಹೋಗಿದ್ದ ಸಿಸಿರೊ ಬೇಕಾದರೆ ಯುರೇಕಾ ಎನ್ನಬಹುದಿತ್ತು.

ಪದ ಅರ್ಧ ಸರಿ, ಅರ್ಧ ತಪ್ಪಾಗಿ ಕೂತಿರುವ ಜಾಗವೂ ಒಂದಿದೆ. ಕ್ಯಾಲಿಫೋರ್ನಿಯಾದ ರಾಜ್ಯಮುದ್ರೆಯ ಮೇಲೆ 1849ರಿಂದ ಇರುವ ಮಾತು ‘ಯುರೇಕಾ’, ಕಾರಣ ಮತ್ತೆ ಚಿನ್ನ. ಅಲ್ಲಿ 1848ರಲ್ಲಿ ಚಿನ್ನ ಕಂಡ ಜೇಮ್ಸ್ ಮಾರ್ಷಲ್ ಮರ ಕೊಯ್ಯುವ ಮಿಲ್ಲು ಕಟ್ಟಿಸುತ್ತಿದ್ದ, ಚಿನ್ನ ಹುಡುಕುತ್ತಿರಲಿಲ್ಲ. ಸುದ್ದಿ ಕೇಳಿ ಸನಿಕೆ ಹಿಡಿದು ಓಡಿಬಂದವರು ಹುಡುಕಿದರು. ಯುರೇಕಾ ಅವರಿಗೆ ಸಲ್ಲುತ್ತದೆ, ಮಾರ್ಷಲ್‌ಗಲ್ಲ.